ಇಂಗಾಲವೆಂಬ ಸಂಚಾರಿ

ದಕ್ಷಿಣ ಸೊಲ್ಲಾಪುರದ ಭೀಮಾತೀರದಿಂದ ವಾಚಕರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. "ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ನಾವು ಪ್ರತಿವರ್ಷ ಬೆಂಕಿ ಹಚ್ಚುತ್ತೇವೆ. ಬೂದಿಯೂ ಗೊಬ್ಬರವೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಾಲೇಜಿಗೆ ಹೋಗುವ ಮಗ ಮಾತ್ರ, 'ಅಪ್ಪಾ, ನೀವು ಹೊಲದ ಇಂಗಾಲವನ್ನೇ ಸುಡುತ್ತಿದ್ದೀರಿ' ಎನ್ನುತ್ತಾನೆ. ಹೊಲಕ್ಕೆ ಇಂಗಾಲ ಎಲ್ಲಿಂದ ಬಂತು? ಸುಟ್ಟರೆ ಅದು ಎಲ್ಲಿಗೆ ಹೋಗುತ್ತದೆ? ಗುರುಗಳು ತಿಳಿಸಬೇಕು" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯ ಉತ್ತರ ಹೊಲದ ಬದುವಿನೊಳಗೆ ಮುಗಿಯುವಂಥದಲ್ಲ. ಅದನ್ನು ಅರಿಯಲು ಆಕಾಶವನ್ನೂ ಸಮುದ್ರವನ್ನೂ ನೆಲದಡಿಯ ಬಂಡೆಯನ್ನೂ ಸ್ವಲ್ಪ ವಿಚಾರಿಸಬೇಕಾಗುತ್ತದೆ. ಆದುದರಿಂದ ಈ ತಿಂಗಳ ಅಂಕಣವನ್ನು ಇಂಗಾಲದ ಸಂಚಾರಕ್ಕೇ ಮೀಸಲಿಡುತ್ತೇವೆ.

ಹಂಚಿನ ಮೇಲಿನ ಕರಿ

ಇಂಗಾಲ ಎಂಬ ಮಾತು ಸಂಸ್ಕೃತದ 'ಅಂಗಾರ'ದಿಂದ ಪ್ರಾಕೃತದ ಮೂಲಕ ನಮ್ಮಲ್ಲಿಗೆ ಬಂದುದು. ಕೆಂಡ, ಇದ್ದಿಲು ಎಂದು ಅದರ ಅರ್ಥ. ರೊಟ್ಟಿ ಹಂಚಿನ ಮೇಲೆ ಸೀದು ಕರ್ರಗಾದಾಗ ನಮ್ಮ ತಾಯಂದಿರು ಕಾಣುವುದು ಈ ಇಂಗಾಲವನ್ನೇ. ಅದು ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಜೋಳದ ಹಿಟ್ಟಿನಲ್ಲಿ ಮೊದಲೇ ಅಡಗಿದ್ದುದು. ಅಕ್ಕಿ, ಎಣ್ಣೆ, ಹತ್ತಿಯ ಬಟ್ಟೆ, ಕಟ್ಟಿಗೆ, ಎತ್ತಿನ ಮೈ, ನಮ್ಮ ದೇಹ, ಇವೆಲ್ಲವುಗಳ ಹಂದರವೂ ಇಂಗಾಲದಿಂದಲೇ ಕಟ್ಟಿದುದು.

ಜೋಳದ ದಂಟಿಗೆ ಇಷ್ಟೊಂದು ಇಂಗಾಲ ಎಲ್ಲಿಂದ ಬಂತು? ಮಣ್ಣಿನಿಂದ ಎಂದು ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸ್ ನಗರದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಇದನ್ನು ತೂಗಿಯೇ ನೋಡಿದನು. ಕುಂಡವೊಂದರಲ್ಲಿ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡ್ ತೂಕದ ವಿಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಹಾಕಿದನು. ಗಿಡ 169 ಪೌಂಡಿಗೆ ಬೆಳೆಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ! ಗಿಡದ ತೂಕವೆಲ್ಲ ನೀರಿನಿಂದ ಬಂತೆಂದು ಆತನು ತೀರ್ಮಾನಿಸಿದನು. ಅವನ ಮರಣಾನಂತರ 1648ರಲ್ಲಿ ಇದು ಗ್ರಂಥರೂಪದಲ್ಲಿ ಹೊರಬಂತು. ನೀರಿನ ಪಾಲು ನಿಜವೇ ಆದರೂ, ಗಿಡದ ಒಡಲಿನ ಇಂಗಾಲವೆಲ್ಲ ಗಾಳಿಯಿಂದ ಬಂದುದೆಂಬುದು ಮುಂದಿನವರ ಶೋಧನೆಯಿಂದ ಸ್ಪಷ್ಟವಾಯಿತು. ಗಾಳಿಯಲ್ಲಿ ಹತ್ತು ಸಾವಿರಕ್ಕೆ ನಾಲ್ಕು ಭಾಗದಷ್ಟು ಮಾತ್ರ ಇರುವ ಇಂಗಾಲದ ಡೈಆಕ್ಸೈಡನ್ನು ಎಲೆಗಳು ಹೀರಿ, ಬಿಸಿಲಿನ ಬಲದಿಂದ ನೀರಿನೊಡನೆ ಕೂಡಿಸಿ ಸಕ್ಕರೆಯನ್ನು ಮಾಡುತ್ತವೆ. ಕಬ್ಬಿನ ಸಿಹಿ ಎಂದರೆ ಗಾಳಿಯ ಇಂಗಾಲವೇ.

ಒಂದು ಲೋಟದಲ್ಲಿ ನಾಲ್ಕು ಗೋಳ

ಭೂಮಿಯನ್ನು ವಿಜ್ಞಾನಿಗಳು ವಾಯುಗೋಳ, ಜಲಗೋಳ, ಜೀವಗೋಳ, ಶಿಲಾಗೋಳ ಎಂದು ವಿಂಗಡಿಸುತ್ತಾರೆ. ಇಂಗಾಲಕ್ಕೆ ಈ ನಾಲ್ಕೂ ಮನೆಗಳಲ್ಲಿ ಬಿಡಾರವುಂಟು. ಮನೆಯಿಂದ ಮನೆಗೆ ಅದು ಹೋಗುವ ಬಗೆಯನ್ನು ನಮ್ಮ ಶಾಲೆಯ ಏಳನೆಯ ಇಯತ್ತೆಯ ಮಕ್ಕಳು ಪ್ರತಿವರ್ಷ ಮಾಡಿ ನೋಡುತ್ತಾರೆ. ವಾಚಕರೂ ಮನೆಯಲ್ಲಿ ಮಾಡಬಹುದು.

ಎಲೆಯಡಿಕೆಯ ಸುಣ್ಣವನ್ನು ಚಿಟಿಕೆಯಷ್ಟು ತೆಗೆದುಕೊಂಡು ಒಂದು ತಂಬಿಗೆ ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ಮೇಲಿನ ತಿಳಿನೀರನ್ನು ಮೆಲ್ಲಗೆ ಗಾಜಿನ ಲೋಟಕ್ಕೆ ಬಸಿಯಿರಿ. ಪಪ್ಪಾಯಿ ಎಲೆಯ ಟೊಳ್ಳು ದಂಟಿನಿಂದ ಅದರೊಳಕ್ಕೆ ಉಸಿರು ಊದಿರಿ. ಮಕ್ಕಳು ಊದುವಾಗ ಹಿರಿಯರು ಹತ್ತಿರವಿರಲಿ. ನೀರು ಬಾಯಿಗೂ ಕಣ್ಣಿಗೂ ತಾಗಬಾರದು. ತುಸು ಹೊತ್ತಿನಲ್ಲಿ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಮತ್ತೇನೂ ಅಲ್ಲ, ಸುಣ್ಣದ ಕಲ್ಲಿನ ಪುಡಿ.

ಇಲ್ಲಿ ನಡೆದುದನ್ನು ವಿಚಾರಿಸೋಣ. ಗಾಳಿಯ ಇಂಗಾಲವನ್ನು ಜೋಳದ ಎಲೆ ಹಿಡಿಯಿತು. ಜೋಳ ರೊಟ್ಟಿಯಾಗಿ ಮಗುವಿನ ಹೊಟ್ಟೆ ಸೇರಿತು. ರಕ್ತದಲ್ಲಿ ಸಂಚರಿಸಿ ಆಮ್ಲಜನಕದೊಡನೆ ಕೂಡಿ ಉಸಿರಾಗಿ ಹೊರಬಂತು. ನೀರಿನಲ್ಲಿ ಕರಗಿತು, ಸುಣ್ಣದೊಡನೆ ಸೇರಿ ಕಲ್ಲಾಯಿತು. ಗಾಳಿ, ಜೀವ, ನೀರು, ಕಲ್ಲು. ನಾಲ್ಕು ಗೋಳಗಳೂ ಒಂದು ಲೋಟದ ಬಳಿ ಕೂಡಿದವು. ಕಲ್ಲಿನಲ್ಲಿರುವುದೂ ಉಸಿರಿನಲ್ಲಿರುವುದೂ ಒಂದೇ ವಾಯು ಎಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತೋರಿಸಿದನು. ಕಲ್ಲಿನೊಳಗೆ ಸೆರೆಯಾದ ಈ ವಾಯುವಿನ ವಿಷಯದಲ್ಲಿ ಆತನ ಪ್ರಯೋಗಗಳು 1756ರಲ್ಲಿ ಪ್ರಕಟವಾದವು.

ಸುಣ್ಣದ ಭಟ್ಟಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕ್ರಿಯೆ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಚೆನ್ನಾಗಿ ಸುಟ್ಟರೆ 56 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಹೋಗುತ್ತದೆ. ಕಾಸರಗೋಡಿನ ವಾಚಕರು ಬಲ್ಲ ಚಿಪ್ಪಿನ ಸುಣ್ಣದ ಕಥೆಯೂ ಇದೇ. ಆ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ದಿನಗಳೆದಂತೆ ಗಟ್ಟಿಯಾಗುವುದೇಕೆ? ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮರಳಿ ಪಡೆದು ಅದು ಪುನಃ ಕಲ್ಲಾಗುತ್ತದೆ. ದೀಪಾವಳಿಗೆ ಸುಣ್ಣ ಬಳಿದ ಪ್ರತಿ ಗೋಡೆಯೂ ಗಾಳಿಯಿಂದ ಒಂದಿಷ್ಟು ಇಂಗಾಲವನ್ನು ಹಿಂದಕ್ಕೆ ತಂದಿದೆ.

ಕರಿಕಲ್ಲಿನ ನಾಡಿನ ಕೆಲಸ

ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಸೀಮೆಯ ನಾವು ನಿಂತಿರುವುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸದ ಮೇಲೆ. ನೆಲ ಬಿರಿದು ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ ಈ ಬಸಾಲ್ಟ್ ಕರಿಕಲ್ಲು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಹರಡಿದೆ. ಆ ಉಕ್ಕಿನ ಕಾಲದಲ್ಲಿ ಭೂಗರ್ಭದ ಇಂಗಾಲ ಅಪಾರ ಪ್ರಮಾಣದಲ್ಲಿ ಆಕಾಶಕ್ಕೆ ಏರಿತು. ತಣ್ಣಗಾದ ಬಳಿಕ ಅದೇ ಕಲ್ಲು ಗಾಳಿಯ ಇಂಗಾಲವನ್ನು ಹಿಡಿಯುವ ಕೆಲಸಕ್ಕೆ ತೊಡಗಿತು. ಆ ಕೆಲಸ ಇಂದಿಗೂ ನಿಂತಿಲ್ಲ.

ಅದರ ಕ್ರಮ ಹೀಗೆ: ಮಳೆಹನಿ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಮಣ್ಣಿನೊಳಗೆ ಬೇರುಗಳೂ ಹುಳುಗಳೂ ಬಿಟ್ಟ ಉಸಿರು ಸೇರಿ ಆಮ್ಲ ಇನ್ನಷ್ಟು ಬಲಗೊಳ್ಳುತ್ತದೆ. ಅದು ಕರಿಕಲ್ಲನ್ನು ಕಣಕಣವಾಗಿ ಕರಗಿಸಿ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸುತ್ತದೆ. ಇಂಗಾಲವು ಬೈಕಾರ್ಬೊನೇಟ್ ಎಂಬ ರೂಪದಲ್ಲಿ ನೀರಿನಲ್ಲಿ ಉಳಿಯುತ್ತದೆ. ನಮ್ಮ ಎರೆಮಣ್ಣು ಹುಟ್ಟಿದ್ದೇ ಈ ಸವೆತದಿಂದ.

ಪುರಾವೆ ಬೇಕಾದರೆ ಬಚ್ಚಲುಮನೆಯ ಹಂಡೆಯೊಳಗೆ ಕೈಯಾಡಿಸಿರಿ. ನಮ್ಮ ಬಾವಿಗಳ ಗಡಸುನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಿಡದು. ಕಾಯಿಸಿ ಕಾಯಿಸಿ ಹಂಡೆಯ ಒಳಮೈಗೆ ಗಟ್ಟಿಯಾದ ಬಿಳಿ ಪೊರೆ ಕಟ್ಟುತ್ತದೆ. ನೀರಿನಲ್ಲಿ ಕರಗಿ ಬಂದ ಬೈಕಾರ್ಬೊನೇಟು ಕಾವಿಗೆ ಒಡೆದಾಗ ಇಂಗಾಲದ ಅರ್ಧ ಹಬೆಯೊಡನೆ ಗಾಳಿಗೆ ಹೋಗುತ್ತದೆ. ಇನ್ನರ್ಧ ಸುಣ್ಣದ ಕಲ್ಲಾಗಿ ಹಂಡೆಗೆ ಅಂಟುತ್ತದೆ. ಎರೆಹೊಲ ಅಗೆದಾಗ ಸಿಗುವ ಬಿಳಿಯ ಸುಣ್ಣದ ಹರಳುಗಳು ನೆಲದೊಳಗೆ ನೀರು ಆರಿದಾಗ ಹೀಗೆಯೇ ಕಟ್ಟಿಕೊಂಡವು.

ಹರಳಾಗದೆ ಉಳಿದುದನ್ನು ಭೀಮೆ ಹೊತ್ತೊಯ್ಯುತ್ತಾಳೆ. ಆಕೆ ರಾಯಚೂರಿನ ಸಮೀಪ ಕೃಷ್ಣೆಯನ್ನು ಕೂಡಿ ಬಂಗಾಳಕೊಲ್ಲಿಗೆ ಒಪ್ಪಿಸುತ್ತಾಳೆ. ಅಲ್ಲಿ ಸಮುದ್ರದ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ. ಚಿಪ್ಪುಗಳು ತಳ ಸೇರಿ, ಕೋಟಿ ವರ್ಷಗಳಲ್ಲಿ ಸುಣ್ಣದ ಕಲ್ಲಿನ ಪದರಗಳಾಗುತ್ತವೆ. ನಮ್ಮ ಪಡಸಾಲೆಗಳಲ್ಲಿ ಹಾಸಿದ ಶಹಾಬಾದ ಫರ್ಶಿಯೂ ನಮ್ಮ ಕರಿಕಲ್ಲಿಗಿಂತ ಎಷ್ಟೋ ಹಿಂದಿನ ಕಡಲೊಂದರ ತಳದಲ್ಲಿ ಕೂಡಿದ ಸುಣ್ಣದ ಕಲ್ಲೇ. ಬೇಸಗೆಯ ಮಧ್ಯಾಹ್ನ ಆ ತಂಪು ಕಲ್ಲಿನ ಮೇಲೆ ಒರಗುವ ಹಿರಿಯರು ಹಳೆಯ ಕಾಲದ ಗಾಳಿಯ ಮೇಲೆ ಮಲಗಿರುತ್ತಾರೆ. ಸಮುದ್ರತಳ ಎಂದೋ ಒಂದು ದಿನ ಭೂಮಿಯ ಒಳಕ್ಕೆ ಜಾರಿ ಕುದಿದಾಗ, ಆ ಇಂಗಾಲ ಜ್ವಾಲಾಮುಖಿಯ ಬಾಯಿಂದ ಪುನಃ ಆಕಾಶಕ್ಕೆ ಏರುತ್ತದೆ.

ಜೋಳದ ಎಲೆಯಿಂದ ಉಸಿರಿಗೆ ಬರಲು ಇಂಗಾಲಕ್ಕೆ ಒಂದು ವರ್ಷ ಸಾಕು. ಗಾಳಿಯಿಂದ ಕಲ್ಲಿಗೆ, ಕಲ್ಲಿನಿಂದ ಗಾಳಿಗೆ ಸುತ್ತಿ ಬರಲು ಕೋಟ್ಯಂತರ ವರ್ಷ ಬೇಕು. ಸಂಚಾರ ಎರಡು ಬಗೆ, ಒಂದು ಶೀಘ್ರ, ಇನ್ನೊಂದು ಮಂದ. ಈ ವ್ಯತ್ಯಾಸವನ್ನು ಮನದಲ್ಲಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭ.

ಜಮಾ ಖರ್ಚು

ನೂರು ಕೋಟಿ ಟನ್ ಇಂಗಾಲವನ್ನು ಒಂದು 'ಚೀಲ' ಎಂದು ಕರೆಯೋಣ. ಇಂದು ಗಾಳಿಯಲ್ಲಿ ಸುಮಾರು 900 ಚೀಲಗಳಿವೆ. ಜಗತ್ತಿನ ಗಿಡಮರಗಳಲ್ಲಿ ಸುಮಾರು 450. ಮಣ್ಣಿನ ಸಾವಯವ ಪದಾರ್ಥದಲ್ಲಿ 1,500ಕ್ಕೂ ಹೆಚ್ಚು. ಗಾಳಿಯಲ್ಲೂ ಗಿಡಮರಗಳಲ್ಲೂ ಸೇರಿ ಇರುವುದಕ್ಕಿಂತ ನಮ್ಮ ಕಾಲಡಿಯ ಮಣ್ಣಿನಲ್ಲಿ ಇರುವುದೇ ಹೆಚ್ಚೆಂಬುದನ್ನು ಒಕ್ಕಲಿಗರು ಗಮನಿಸಬೇಕು. ಸಮುದ್ರದಲ್ಲಿ ಸುಮಾರು 38,000 ಚೀಲಗಳಿವೆ. ಕಲ್ಲುಗಳಲ್ಲಿ ಇರುವುದು ಕೋಟಿಗಟ್ಟಲೆ ಚೀಲ.

ಇನ್ನು ವ್ಯವಹಾರ. ನೆಲದ ಮೇಲಿನ ಸಸ್ಯಗಳು ವರ್ಷಕ್ಕೆ ಸುಮಾರು 120 ಚೀಲ ಇಂಗಾಲವನ್ನು ಗಾಳಿಯಿಂದ ಎತ್ತುತ್ತವೆ. ಉಸಿರಾಟ, ಕೊಳೆತ, ಬೆಂಕಿಗಳ ಮೂಲಕ ಬಹುತೇಕ ಅಷ್ಟೇ ಹಿಂದಕ್ಕೆ ಬರುತ್ತದೆ. ಸಮುದ್ರವೂ ವರ್ಷವರ್ಷ ಸುಮಾರು 80 ಚೀಲ ಕೊಂಡು ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಜ್ವಾಲಾಮುಖಿಗಳೆಲ್ಲ ಸೇರಿ ಹೊರಗೆಡಹುವುದು ವರ್ಷಕ್ಕೆ ಒಂದು ಚೀಲದ ಹತ್ತನೆಯ ಒಂದು ಭಾಗದ ಆಸುಪಾಸು. ಕಲ್ಲುಗಳ ಸವೆತ ಅಷ್ಟನ್ನು ಕಾಲಕ್ರಮದಲ್ಲಿ ಹಿಡಿದಿಡುತ್ತದೆ. ಸಾವಿರಾರು ವರ್ಷ ಈ ಖಾತೆ ಹೀಗೆ ಸರಿದೂಗಿಕೊಂಡು ನಡೆದಿತ್ತು.

ಕಲ್ಲಿದ್ದಲೂ ಪೆಟ್ರೋಲಿಯಂ ಎಣ್ಣೆಯೂ ಮಂದ ಸಂಚಾರದ ಉಗ್ರಾಣದಲ್ಲಿದ್ದ ಸರಕು. ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗ 25ರಿಂದ 30 ಕೋಟಿ ವರ್ಷಗಳ ಹಿಂದಿನ ಕಾಡುಗಳದ್ದು. ಮನುಷ್ಯನು ಈಗ ವರ್ಷಕ್ಕೆ ಸುಮಾರು 10 ಚೀಲದಷ್ಟನ್ನು ಆ ಉಗ್ರಾಣದಿಂದ ತೆಗೆದು ಉರಿಸಿ ಶೀಘ್ರ ಸಂಚಾರಕ್ಕೆ ಸುರಿಯುತ್ತಿದ್ದಾನೆ. ಟ್ರ್ಯಾಕ್ಟರಿನಲ್ಲಿ ಒಂದು ಲೀಟರು ಡೀಸೆಲ್ ಉರಿದರೆ ಎರಡೂವರೆ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕಿಲೋ ಕೂಡ ತೂಗದ ಎಣ್ಣೆಯಿಂದ ಇಷ್ಟು ಹೇಗೆ ಎಂದು ಮಕ್ಕಳು ಕೇಳುವುದುಂಟು. ಪ್ರತಿ 12 ಪಾಲು ಇಂಗಾಲ ಉರಿಯುವಾಗ ಗಾಳಿಯಿಂದ 32 ಪಾಲು ಆಮ್ಲಜನಕವನ್ನು ಕೂಡಿಸಿಕೊಂಡು 44 ಪಾಲಾಗುತ್ತದೆ. ಉತ್ತರ ಇಷ್ಟೇ.

ಹೀಗೆ ಸುರಿದುದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಾಡುಗಳೂ ಸಮುದ್ರವೂ ನುಂಗಿಕೊಳ್ಳುತ್ತಿವೆ. ಉಳಿದರ್ಧ ಗಾಳಿಯಲ್ಲೇ ನಿಲ್ಲುತ್ತದೆ. ಅಮೆರಿಕದ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ 1958ರಿಂದ ಗಾಳಿಯನ್ನು ಅಳೆಯತೊಡಗಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರಲ್ಲಿ ಅದು 420ನ್ನು ಮೀರಿತ್ತು. ಯಂತ್ರಯುಗಕ್ಕೆ ಮೊದಲು ಇದ್ದುದು ಸುಮಾರು 280 ಮಾತ್ರ. ಹೆಚ್ಚಿದ ಇಂಗಾಲ ಹಳೆಯ ಉಗ್ರಾಣದ್ದೇ ಎಂಬುದಕ್ಕೂ ಸಾಕ್ಷ್ಯವಿದೆ. ಜೀವಂತ ಸಸ್ಯಗಳಲ್ಲಿ 'ಕಾರ್ಬನ್-14' ಎಂಬ ವಿಕಿರಣಶೀಲ ಇಂಗಾಲ ಸ್ವಲ್ಪ ಇರುತ್ತದೆ. ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಕೋಟಿ ವರ್ಷದ ಕಲ್ಲಿದ್ದಲಿನಲ್ಲಿ ಅದು ಉಳಿದಿರುವುದಿಲ್ಲ. ಗಾಳಿಯಲ್ಲಿ ಇದರ ಅಂಶ ತೆಳುವಾಗಿರುವುದನ್ನು ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿಯೇ ತೋರಿಸಿದರು.

ಈ ವಾಯು ನೆಲದ ಕಾವನ್ನು ಹಿಡಿದಿಡುವ ಕಂಬಳಿ. ಅದು ದಪ್ಪವಾದಂತೆ ಭೂಮಿ ಬಿಸಿಯಾಗುತ್ತದೆ ಎಂದು ಸ್ವೀಡನ್ನಿನ ಅರೀನಿಯಸ್ 1896ರಲ್ಲಿ ಲೆಕ್ಕ ಹಾಕಿದ್ದನು. 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ತಾಪ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿದ್ದುದಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಹೆಚ್ಚಿನ ಇಂಗಾಲವನ್ನು ನುಂಗಿದ ಸಮುದ್ರದ ನೀರಿನ ಕ್ಷಾರಗುಣವೂ ತಗ್ಗುತ್ತಿದೆ. ಚಿಪ್ಪು ಕಟ್ಟುವ ಜೀವಿಗಳಿಗೆ ಇದು ಕಷ್ಟ. ನಮ್ಮ ಕರಿಕಲ್ಲು ಇವೆಲ್ಲವನ್ನೂ ಎಂದಾದರೂ ಹಿಡಿದಿಡಬಲ್ಲದು. ಆದರೆ ಅದರ ವೇಗಕ್ಕೆ ಲಕ್ಷಾಂತರ ವರ್ಷ ಬೇಕು. ನಮ್ಮ ಮೊಮ್ಮಕ್ಕಳಿಗೆ ಅಷ್ಟು ಆಯುಷ್ಯವಿಲ್ಲ.

ರವದಿಯ ಪ್ರಶ್ನೆ

ಈಗ ಕಾಗದ ಬರೆದ ಬಂಧುಗಳಿಗೆ ಉತ್ತರ ಹೇಳುವ ಹೊತ್ತು. ತಂದೆಯ ಮಾತಿನಲ್ಲೂ ನಿಜವಿದೆ, ಮಗನ ಮಾತಿನಲ್ಲೂ ನಿಜವಿದೆ.

ರವದಿಯ ಇಂಗಾಲ ಹೋದ ವರ್ಷದ ಗಾಳಿಯಿಂದ ಬಂದುದು. ಸುಟ್ಟರೆ ಅದು ಗಾಳಿಗೇ ಮರಳುತ್ತದೆ. ಕಲ್ಲಿದ್ದಲಿನಂತೆ ಹಳೆಯ ಉಗ್ರಾಣವನ್ನು ಒಡೆದ ಹಾಗಲ್ಲ. ಬೂದಿಯಲ್ಲಿ ಪೊಟ್ಯಾಷ್, ರಂಜಕ, ಸುಣ್ಣದ ಅಂಶ ಉಳಿಯುವುದೂ ದಿಟ. ಆದರೆ ಸಾರಜನಕದ ಬಹುಭಾಗ ಹೊಗೆಯಾಗಿ ಹೋಗುತ್ತದೆ. ಇಂಗಾಲವಂತೂ ಉಳಿಯುವುದೇ ಇಲ್ಲವೆನ್ನಬೇಕು. ಒಂದು ಎಕರೆಯಲ್ಲಿ ಮೂರು ಟನ್ ಒಣ ರವದಿ ಇದೆಯೆಂದಿಟ್ಟುಕೊಂಡರೆ, ಅದರಲ್ಲಿ ಸುಮಾರು 1,200 ಕಿಲೋ ಇಂಗಾಲವಿರುತ್ತದೆ. ಬೆಂಕಿ ಅದನ್ನು ಅರ್ಧ ತಾಸಿನಲ್ಲಿ ಮುಗಿಸುತ್ತದೆ. ನೆಲದ ಮೇಲಿನ ಪದರದ ಜೀವಾಣುಗಳೂ ಆ ಉರಿಗೆ ಬಲಿಯಾಗುತ್ತವೆ.

ಸುಡದೆ ಬಿಟ್ಟರೆ ಎಲ್ಲವೂ ಮಣ್ಣಿನಲ್ಲಿ ನಿಲ್ಲುತ್ತದೆಂದು ತಿಳಿಯಬಾರದು. ಕೊಳೆಯುವಾಗ ಬಹುಪಾಲು ಒಂದೆರಡು ವರ್ಷಗಳಲ್ಲಿ ಗಾಳಿಗೆ ಹೋಗುತ್ತದೆ. ಹತ್ತರಲ್ಲಿ ಒಂದೋ ಎರಡೋ ಪಾಲು ಮಾತ್ರ ಜೇಡಿಕಣಗಳಿಗೆ ಅಂಟಿ ಕರಿಯ ಸಾರವಾಗಿ ದೀರ್ಘಕಾಲ ಉಳಿಯುತ್ತದೆ. ಈ ಅಲ್ಪ ಪಾಲೇ ಮಣ್ಣಿಗೆ ಜೀವಾಳ. ನೀರನ್ನು ಹಿಡಿದಿಡುವುದು, ಹೆಂಟೆಯನ್ನು ಸಡಿಲಗೊಳಿಸುವುದು, ಹಾಕಿದ ಗೊಬ್ಬರ ಕೊಚ್ಚಿಹೋಗದಂತೆ ಕಾಯುವುದು ಅದರ ಕೆಲಸ. ಗಾಳಿಗೆ ಹೋದ ಪಾಲೂ ವ್ಯರ್ಥವಲ್ಲ. ಹೋಗುವ ಮುನ್ನ ಎರೆಹುಳುವಿಗೂ ಸೂಕ್ಷ್ಮಜೀವಿಗೂ ಅನ್ನವಾಗಿರುತ್ತದೆ. ರವದಿಯ ಹೊದಿಕೆಯಿಂದ ಬೇಸಗೆಯಲ್ಲಿ ನೆಲದ ಪಸೆಯೂ ಉಳಿಯುತ್ತದೆ.

2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಪತ್ರಿಕೆ ಅನೇಕರ ಮನೆಯಲ್ಲಿ ಪೆಟ್ಟಿಗೆಯ ತಳ ಸೇರಿರಬಹುದು. ನಮ್ಮ ಭಾಗದಲ್ಲಿ ಅದು ಮರಾಠಿಯಲ್ಲಿ ಬರುತ್ತದೆ. ಆಂಧ್ರದ ಬಂಧುಗಳಿಗೆ ತೆಲುಗಿನಲ್ಲಿ. 'ಸೇಂದ್ರಿಯ ಕರ್ಬ', 'ಸೇಂದ್ರಿಯ ಕರ್ಬನ' ಎಂದು ಅಲ್ಲಿ ಬರೆದಿರುವುದು ನಮ್ಮ 'ಸಾವಯವ ಇಂಗಾಲ'ವನ್ನೇ. ಅದು ಶೇಕಡ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವೆಂದೂ, 0.75ಕ್ಕಿಂತ ಹೆಚ್ಚಿದ್ದರೆ ಪುಷ್ಟವೆಂದೂ ಲೆಕ್ಕ. ಮಳೆಯಾಶ್ರಿತ ಎರೆಹೊಲಗಳಲ್ಲಿ ಎಷ್ಟೋ 0.5ರ ಕೆಳಗೇ ಇವೆ. ಮಣ್ಣು ಕಪ್ಪಗಿದೆ ಎಂದ ಮಾತ್ರಕ್ಕೆ ಇಂಗಾಲದಿಂದ ತುಂಬಿದೆ ಎಂದು ಭ್ರಮಿಸಕೂಡದು.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಇಂಗಾಲವನ್ನು ಶೇಕಡ 0.1ರಷ್ಟು ಏರಿಸಬೇಕಾದರೆ 900 ಕಿಲೋ ಇಂಗಾಲ ಮಣ್ಣಿನಲ್ಲಿ ನೆಲೆಯಾಗಿ ನಿಲ್ಲಬೇಕು. ವರ್ಷಕ್ಕೆ 120ರಿಂದ 240 ಕಿಲೋದಂತೆ ರವದಿಯಿಂದ ಉಳಿದರೂ ನಾಲ್ಕರಿಂದ ಎಂಟು ವರ್ಷ ಹಿಡಿಯುತ್ತದೆ. ಇದ್ದುದು ಕರಗುತ್ತಲೂ ಇರುವುದರಿಂದ ಇನ್ನೂ ಹೆಚ್ಚೇ ಬೇಕಾದೀತು. ಕೂಡಿಸಲು ಇಷ್ಟು ತಡವಾಗುವ ವಸ್ತುವಿಗೆ ಪ್ರತಿವರ್ಷ ಕಡ್ಡಿ ಗೀರುವುದು ಒಕ್ಕಲುತನದ ಜಾಣತನವೆನಿಸದು.

ಆದುದರಿಂದ ನಮ್ಮ ಸಲಹೆ ಇಷ್ಟು. ಕೂಳೆ ಕಬ್ಬು ಬಿಡುವವರು ರವದಿಯನ್ನು ತುಂಡರಿಸಿ ಸಾಲುಗಳ ನಡುವೆ ಹಾಸಲಿ. ಅದರ ಮೇಲೆ ಸಗಣಿಯ ಬಗ್ಗಡವನ್ನೋ ಸ್ವಲ್ಪ ಯೂರಿಯಾವನ್ನೋ ಹಾಕಿ ನೀರು ಹಾಯಿಸಲಿ. ಕೊಳೆಸುವ ಜೀವಾಣುಗಳಿಗೆ ಸಾರಜನಕ ಬೇಕು. ಕೊಡದಿದ್ದರೆ ಅವು ಬೆಳೆಯ ಪಾಲನ್ನೇ ಕಸಿದುಕೊಳ್ಳುತ್ತವೆ. ಜೋಳದ ಕಣಿಕೆ ದನಗಳಿಗೆ, ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ಹೊಲಕ್ಕೆ ಎಂಬ ಹಿರಿಯರ ಪದ್ಧತಿ ಇಂಗಾಲದ ಲೆಕ್ಕದಲ್ಲೂ ಸರಿಯಾದುದೇ. ಒಲೆಗೆ ಅನಿಲ ಬಂದ ಮನೆಗಳಲ್ಲಿ ಕುಳ್ಳು ತಟ್ಟುವುದನ್ನಾದರೂ ಕಡಿಮೆ ಮಾಡಬಹುದು.

ಒಬ್ಬರ ಒಂದು ಎಕರೆಯಿಂದ ಆಕಾಶ ಶುದ್ಧವಾಗುವುದಿಲ್ಲ. ಕಲ್ಲಿದ್ದಲಿನ ಉಗ್ರಾಣಕ್ಕೆ ಬೀಗ ಹಾಕುವ ಕೆಲಸ ದೇಶದೇಶಗಳ ಸರಕಾರಗಳದ್ದು. ಆದರೆ ಎಕರೆಯ ಮಣ್ಣು ಮಾತ್ರ ನಮ್ಮದು, ನಾಳೆ ನಮ್ಮ ಮಕ್ಕಳದ್ದು. ಕಾಲೇಜಿಗೆ ಹೋಗುವ ಆ ಮಗನಿಗೆ ಒಂದು ಕೆಲಸ ಒಪ್ಪಿಸುತ್ತೇವೆ. ಹೊಲದಲ್ಲಿ ಒಂದು ತುಣುಕನ್ನು ತಂದೆ ಎಂದಿನಂತೆ ಸುಡಲಿ, ಇನ್ನೊಂದರಲ್ಲಿ ಮಗ ರವದಿ ಹಾಸಲಿ. ಮೂರು ವರ್ಷದ ಮೇಲೆ ಎರಡೂ ತುಣುಕುಗಳ ಮಣ್ಣನ್ನು ಪರೀಕ್ಷೆಗೆ ಕಳುಹಿಸಲಿ. ಪತ್ರಿಕೆ ಯಾವ ಭಾಷೆಯಲ್ಲಿ ಬಂದರೂ ಅಂಕಿ ಒಂದೇ ಆಗಿರುತ್ತದೆ. ಫಲವನ್ನು ನಮಗೆ ಬರೆದು ತಿಳಿಸಿದರೆ ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.